ಚಿಮಣಿಯ ನಮೂನೆ ಯಾರ ಎದುರಿಗೆ?

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಾರ್ಖಾನೆಯ ಸುತ್ತಿನ ಊರುಗಳಿಗೆ ಕರಿ ಬೂದಿಯೂ ಬಂತೆಂದೇ ಅರ್ಥ. ಒಣಹಾಕಿದ ಅರಿವೆಯ ಮೇಲೆ, ಅಂಗಡಿಯ ಸಾಮಾನಿನ ಮೇಲೆ, ಬಾಯ್ಲರ್ ಮನೆಯ ಕಾರ್ಮಿಕನ ಎದೆಯೊಳಗೆ ಅದು ಇಳಿಯುತ್ತದೆ. ದೂರಿದರೆ ಸಿಗುವ ಉತ್ತರ ಒಂದೇ: ನಮೂನೆ ತೆಗೆದು ನೋಡಿದ್ದಾರೆ, ಎಲ್ಲವೂ ಮಿತಿಯೊಳಗಿದೆ. ಕೇಂದ್ರ ಸರಕಾರದ 2016ರ ನಿಯಮದಂತೆ ಸಕ್ಕರೆ ಕಾರ್ಖಾನೆಯ ಚಿಮಣಿಯ ಹೊಗೆಯಲ್ಲಿ ಘನ ಮೀಟರಿಗೆ 150 ಮಿಲಿಗ್ರಾಮಿಗಿಂತ ಹೆಚ್ಚು ಕಣ ಇರಕೂಡದು. ಮಿತಿಯ ಬಗ್ಗೆ ಇಂದು ನಮ್ಮ ತಕರಾರಿಲ್ಲ. ನಮೂನೆಯನ್ನು ಹೇಗೆ ತೆಗೆದರು ಎಂಬುದು ನಮ್ಮ ಪ್ರಶ್ನೆ.

ವ್ಯಾಪಾರಸ್ಥ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೀಲದ ಬಾಯಲ್ಲಿರುವ ಒಂದು ಹಿಡಿ ತಂಬಾಕು ನೋಡಿ ಇಡೀ ಚೀಲಕ್ಕೆ ದರ ಕಟ್ಟಿದವನು ಕೆಟ್ಟ. ಚೀಲವಾದರೂ ನಿಂತಲ್ಲೇ ನಿಂತಿರುತ್ತದೆ, ಹೊಗೆ ಓಡುತ್ತದೆ. ಗೋಡೆಯ ಬದಿಗೆ ನಿಧಾನ, ನಡುವೆ ಜೋರು. ಆದುದರಿಂದ ಚಿಮಣಿಯ ಅಡ್ಡಗಲದಲ್ಲಿ ಹಲವು ಕಡೆ ವೇಗ ಅಳೆದು, ಅಲ್ಲಲ್ಲಿ ಹೊಗೆ ಹರಿಯುವಷ್ಟೇ ವೇಗದಿಂದ ಅದನ್ನು ಕೊಳವೆಯ ಮೂತಿಯೊಳಕ್ಕೆ ಎಳೆದುಕೊಳ್ಳಬೇಕು.

ಕೈಚಳಕಕ್ಕೆ ಎಡೆಯಿರುವುದು ಇಲ್ಲಿಯೇ. ಪಂಪು ಹೊಗೆಯ ವೇಗಕ್ಕಿಂತ ಜೋರಾಗಿ ಎಳೆದರೆ ಅಕ್ಕಪಕ್ಕದ ಹೊಗೆಯೂ ಬಾಗಿ ಕೊಳವೆಯೊಳಕ್ಕೆ ಬರುತ್ತದೆ. ಅದರಲ್ಲಿದ್ದ ಭಾರದ ಬೂದಿಕಣ ಮಾತ್ರ ಬಾಗದೆ ನೆಟ್ಟಗೆ ಮೇಲಕ್ಕೆ ಹೋಗಿಬಿಡುತ್ತದೆ. ಹೊಗೆ ಹೆಚ್ಚು, ಬೂದಿ ಕಡಿಮೆ, ವರದಿ ಶುಭ್ರ! ನಿಧಾನವಾಗಿ ಎಳೆದರೆ ಇದರ ತಿರುವುಮುರುವು, ಆಗ ಅನ್ಯಾಯ ಮಾಲೀಕನಿಗೆ. ಅದೂ ನಮಗೆ ಬೇಡ. ಅಮೆರಿಕ ಸರಕಾರದ ವಿಧಾನದಲ್ಲಿ ಹೊಗೆಯ ವೇಗವನ್ನು ನೂರೆಂದು ಹಿಡಿದರೆ ಎಳೆತದ ವೇಗ 90ರಿಂದ 110ರೊಳಗೆ ಇರಬೇಕು. ಗಂಧಕದ ಹೊಗೆಯಂಥ ಬರಿಯ ಅನಿಲಕ್ಕೆ ಇಷ್ಟು ಬಿಗಿ ಬೇಡ. ಆದರೂ ಹರಿವು ಇಮ್ಮಡಿಯಾದಾಗ ಎಳೆತವೂ ಇಮ್ಮಡಿಯಾಗಲೇಬೇಕು; ಇಲ್ಲವಾದರೆ ಮಂದ ಉರಿಯ ಗಳಿಗೆಗೂ ಜೋರು ಉರಿಯ ಗಳಿಗೆಗೂ ಒಂದೇ ಬೆಲೆ ಕಟ್ಟಿದಂತಾಗುತ್ತದೆ.

ಹೊಗೆಯನ್ನು ಸದಾ ಅಳೆಯುವ ಯಂತ್ರ ಕೂಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರಲ್ಲಿ ಸಕ್ಕರೆ ಕಾರ್ಖಾನೆಗಳಿಗೂ ಮದ್ಯಸಾರದ ಕಾರ್ಖಾನೆಗಳಿಗೂ ಆದೇಶಿಸಿದ್ದುಂಟು. ಆದರೆ ಯಂತ್ರದ ಅಂಕಿ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವುದು ಈ ಕೈಯಿಂದ ತೆಗೆದ ನಮೂನೆಗೇ.

ಇನ್ನು ಕಾನೂನನ್ನು ನೋಡೋಣ. 1981ರ ವಾಯುಮಾಲಿನ್ಯ ಕಾಯ್ದೆಯ 26ನೆಯ ಕಲಮಿನಂತೆ ಅಧಿಕಾರಿಯು ಸ್ಥಳದಲ್ಲಿಯೇ ನೋಟೀಸು ಕೊಟ್ಟು, ಕಾರ್ಖಾನೆಯವರ ಅಥವಾ ಅವರ ಏಜೆಂಟರ ಸಮಕ್ಷಮ ನಮೂನೆ ತೆಗೆದು, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಮಾಲೀಕನ ಕಡೆಯವನಿಗೆ ಅಲ್ಲಿ ಸ್ಥಾನವಿದೆ. ಬೂದಿ ಕುಡಿಯುವ ಕಾರ್ಮಿಕನಿಗಾಗಲಿ, ಎದುರಿನ ಅಂಗಡಿಕಾರನಿಗಾಗಲಿ ಇಲ್ಲ. ಆ ದಿನ ಬಾಯ್ಲರ್ ಪೂರ್ತಿ ಉರಿಯುತ್ತಿತ್ತೋ ಅರ್ಧವೋ ಎಂಬುದು ಅದರ ಮುಂದೆ ನಿಂತು ಪಾಳಿ ಮಾಡಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ನಾವು ಒತ್ತಾಯಿಸುತ್ತೇವೆ: ನುರಿಸುವಿಕೆ ಭರದಿಂದ ನಡೆದಿರುವ ದಿನವೇ ನಮೂನೆ ತೆಗೆಯಿರಿ. ಕಾರ್ಮಿಕರ ಒಬ್ಬ ಪ್ರತಿನಿಧಿ, ಪಂಚಾಯತಿಯ ಒಬ್ಬ ಸದಸ್ಯ ಅಲ್ಲಿರಲಿ; ಕಾಯ್ದೆಯ ಆ ಕಲಮು ಇದನ್ನು ಬೇಡವೆಂದಿಲ್ಲ. ಹೊಗೆಯ ವೇಗ, ಎಳೆತದ ವೇಗ, ಆ ಹೊತ್ತು ಬಾಯ್ಲರ್ ಗಂಟೆಗೆ ಎಷ್ಟು ಟನ್ ಉಗಿ ಕೊಡುತ್ತಿತ್ತು ಎಂಬ ಅಂಕಿ, ಈ ಮೂರನ್ನೂ ಕನ್ನಡದಲ್ಲಿ ಬರೆದು ಕಾರ್ಖಾನೆಯ ಗೇಟಿಗೆ ಹಚ್ಚಿರಿ. ಐದೂ ತಾಲೂಕುಗಳ ಕಾರ್ಮಿಕ ಸಂಘಗಳೂ ವ್ಯಾಪಾರಸ್ಥರೂ ಕೂಡಿ ಸಹಿಮಾಡಿದ ಅರ್ಜಿಯೊಂದು ಹಂಗಾಮು ತೆರೆಯುವ ಮುಂಚೆಯೇ ಮಂಡಳಿಯ ಮೇಜಿನ ಮೇಲಿರಲಿ.