ಇನ್ಸುಲಿನ್ ಪಂಪ್ ಧರಿಸಿದ ಮಕ್ಕಳ ಪರವಾಗಿ ಹಕ್ಕೊತ್ತಾಯ ಪತ್ರ

ಇವರಿಗೆ: ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ದೆಹಲಿ, ಹರಿಯಾಣ, ಉತ್ತರ ಪ್ರದೇಶ ಸರ್ಕಾರಗಳ ಆರೋಗ್ಯ ಮತ್ತು ಶಿಕ್ಷಣ ಸಚಿವರು

ಇವರಿಂದ: ದೆಹಲಿ, ನೊಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ, ಟೈಪ್ 1 ಮಧುಮೇಹವಿರುವ ಮಕ್ಕಳ ಕನ್ನಡಿಗ ಪೋಷಕರು

ಮಾನ್ಯರೇ,

ಟೈಪ್ 1 ಮಧುಮೇಹ ಸಿಹಿ ತಿಂದು ಬಂದದ್ದಲ್ಲ. ಇನ್ಸುಲಿನ್ ಇಲ್ಲದೆ ನಮ್ಮ ಮಕ್ಕಳು ಬದುಕುವುದಿಲ್ಲ. ಚರ್ಮದಡಿಯ ಸೆನ್ಸರ್ ಐದೈದು ನಿಮಿಷಕ್ಕೊಮ್ಮೆ ಗ್ಲೂಕೋಸ್ ಅಳೆಯುತ್ತದೆ. ಸೊಂಟದಲ್ಲಿರುವ ಪಂಪ್ ಅದನ್ನು ನೋಡಿಕೊಂಡು ಇನ್ಸುಲಿನ್ ಹೆಚ್ಚಿಸುತ್ತದೆ, ತಗ್ಗಿಸುತ್ತದೆ, ನಿಲ್ಲಿಸುತ್ತದೆ. ರಾತ್ರಿ ಮೂರಕ್ಕೆ ಎದ್ದು ಮಗುವಿನ ಬೆರಳು ಚುಚ್ಚುತ್ತಿದ್ದ ತಾಯಿ ನಿದ್ದೆ ಮಾಡುವಂತಾಗುವುದು ಇದರಿಂದಲೇ. ಆದರೆ ಇದರ ಬೆಲೆ ಲಕ್ಷಗಳಲ್ಲಿದೆ, ಮೇಲೆ ತಿಂಗಳು ತಿಂಗಳೂ ಸೆನ್ಸರ್‌ ಖರ್ಚು. ಸೆನ್ಸರ್ ಕೊಳ್ಳಲಾಗದ ತಿಂಗಳು ಪಂಪ್ ತಾನಾಗಿ ಏನನ್ನೂ ನಿರ್ಧರಿಸದು. ಶಾಲೆಯಲ್ಲಿ ಅದು ಸದ್ದು ಮಾಡಿದರೆ ಮೊಬೈಲ್ ಎಂದು ಕಸಿದುಕೊಂಡ ಶಿಕ್ಷಕರನ್ನೂ ನಾವು ಕಂಡಿದ್ದೇವೆ. ತರಗತಿಯಲ್ಲೇ ಶುಗರ್ ಪರೀಕ್ಷೆಗೆ, ಇನ್ಸುಲಿನ್‌ಗೆ, ತಿಂಡಿಗೆ ಅವಕಾಶ ಕೊಡಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲೇ ರಾಜ್ಯಗಳಿಗೆ ಬರೆದಿದೆ. ನಮ್ಮ ಮಕ್ಕಳ ಶಾಲೆಗಳಲ್ಲಿ ಅದು ಜಾರಿಯಾಗಿಲ್ಲ. ಕೇರಳ ಸರ್ಕಾರ ‘ಮಿಠಾಯಿ’ ಯೋಜನೆಯಡಿ ಇಂಥ ಮಕ್ಕಳ ಚಿಕಿತ್ಸೆಯ ಹೊಣೆ ಹೊತ್ತಿದೆ. ದೇಶದ ರಾಜಧಾನಿಗೆ ಅದು ಸಾಧ್ಯವಿಲ್ಲವೆಂಬ ಉತ್ತರವನ್ನು ನಾವು ಒಪ್ಪುವುದಿಲ್ಲ.

ನಮ್ಮ ಹಕ್ಕೊತ್ತಾಯಗಳು:

1. ವೈದ್ಯರು ಬರೆದುಕೊಟ್ಟ ಪ್ರತಿ ಮಗುವಿಗೂ ಸ್ವಯಂಚಾಲಿತ ಪಂಪನ್ನು ಸರ್ಕಾರಿ ಆಸ್ಪತ್ರೆಯ ಮೂಲಕ ಉಚಿತವಾಗಿ ಕೊಡಬೇಕು.

2. ಪಂಪ್ ಕೊಟ್ಟು ಕೈತೊಳೆದುಕೊಳ್ಳದೆ ಸೆನ್ಸರ್, ಇನ್‌ಫ್ಯೂಷನ್ ಸೆಟ್, ಇನ್ಸುಲಿನ್, ಕೀಟೋನ್ ಪಟ್ಟಿಗಳನ್ನು ತಿಂಗಳು ತಪ್ಪದೆ ಪೂರೈಸಬೇಕು.

3. ಹೃದಯದ ಸ್ಟೆಂಟ್‌ಗೆ 2017ರಲ್ಲಿ ಗರಿಷ್ಠ ಬೆಲೆ ನಿಗದಿ ಮಾಡಿದಂತೆ ಪಂಪ್ ಮತ್ತು ಸೆನ್ಸರ್‌ಗಳಿಗೂ ನಿಗದಿ ಮಾಡಬೇಕು.

4. ಪಂಪಿನಲ್ಲಿರುವುದು ಬೇಗ ಕರಗಿಹೋಗುವ ಇನ್ಸುಲಿನ್ ಮಾತ್ರವಾದ್ದರಿಂದ, ನಳಿಕೆ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಮಗುವಿನ ಜೀವಕ್ಕೇ ಕುತ್ತು ಬರುವುದನ್ನು ಅರಿತು, ಏಮ್ಸ್, ಕಲಾವತಿ ಶರಣ್, ಚಾಚಾ ನೆಹರು ಆಸ್ಪತ್ರೆಗಳಲ್ಲಿ ಹಗಲಿರುಳೂ ಪಂಪ್ ಬಲ್ಲ ಸಿಬ್ಬಂದಿ ಇರಬೇಕು.

5. ನೊಯ್ಡಾದ ಮಗುವನ್ನು ವಿಳಾಸ ಕೇಳಿ ದೆಹಲಿಯ ಆಸ್ಪತ್ರೆಯಿಂದ ಹಿಂದಕ್ಕೆ ಕಳಿಸಬಾರದು. ಇಂಥ ಭೇದದ ಆದೇಶವನ್ನು ಜಿಟಿಬಿ ಆಸ್ಪತ್ರೆಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರಲ್ಲೇ ರದ್ದುಪಡಿಸಿದೆ.

6. ಪಂಪನ್ನಾಗಲಿ ಅದಕ್ಕೆ ಜೋಡಿಸಿದ ಫೋನನ್ನಾಗಲಿ ಯಾವ ಶಾಲೆಯೂ ಯಾವ ಹೊತ್ತಿನಲ್ಲೂ ಮಗುವಿನಿಂದ ಕಸಿಯಬಾರದು.

7. ಶುಗರ್ ಇಳಿದು ಕುಸಿದ ಮಗುವಿಗೆ ಏನು ಮಾಡಬೇಕೆಂದು ತಿಳಿದ ಇಬ್ಬರಾದರೂ ಸಿಬ್ಬಂದಿ ಪ್ರತಿ ಶಾಲೆಯಲ್ಲಿರಬೇಕು.

8. ಮೆಟ್ರೊ ನಿಲ್ದಾಣಗಳಲ್ಲಿ ಪಂಪ್ ಬಿಚ್ಚಿಸಬಾರದು, ಎಕ್ಸ್‌ರೇ ಯಂತ್ರಕ್ಕೆ ಹಾಕಬಾರದು ಎಂದು ಸಿಐಎಸ್ಎಫ್ ಸಿಬ್ಬಂದಿಗೆ ಲಿಖಿತ ಸೂಚನೆ ಹೋಗಬೇಕು.

9. ಹಿಮೊಫಿಲಿಯಾ, ಥಲಸ್ಸೇಮಿಯಾಗಳನ್ನು ಒಳಗೊಂಡಿರುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಗೆ ಟೈಪ್ 1 ಮಧುಮೇಹವನ್ನೂ ಸೇರಿಸಬೇಕು.

10. ಈ ಪತ್ರ ತಲುಪಿದ 30 ದಿನಗಳೊಳಗೆ, ಪ್ರತಿ ಹಕ್ಕೊತ್ತಾಯಕ್ಕೂ ಹೊಣೆ ಹೊತ್ತ ಅಧಿಕಾರಿಯ ಹೆಸರು ಮತ್ತು ಜಾರಿಯ ದಿನಾಂಕ ಸಹಿತ ಲಿಖಿತ ಉತ್ತರ ಕೊಡಬೇಕು.