ಪೀನಸವೂ ಕಣ್ಣೂ

ಹಗರೆಯಿಂದ ಸೋದರಿಯೊಬ್ಬರು ಬರೆದಿರುವ ಕಾಗದವು ನಮ್ಮ ಮುಂದಿದೆ. ಅವರ ಒಂಬತ್ತು ವರ್ಷದ ಮಗನಿಗೆ ನೆಗಡಿಯಾಗಿ, ನಾಲ್ಕನೆಯ ದಿನ ಎಡಗಣ್ಣಿನ ರೆಪ್ಪೆಯು ಬಾತು ಮುಚ್ಚಿಹೋಯಿತಂತೆ. ಹಾಸನದ ಆಸ್ಪತ್ರೆಯೊಂದರಲ್ಲಿ ಎಂಟು ದಿನವಿರಿಸಿಕೊಂಡು, ರಕ್ತನಾಳದ ಮೂಲಕ ಔಷಧವನ್ನು ಕೊಟ್ಟು, ಇನ್ನೂ ಕೆಲವು ದಿನ ಮಾತ್ರೆ ನುಂಗಬೇಕೆಂದು ಹೇಳಿ ಮನೆಗೆ ಕಳುಹಿಸಿದ್ದಾರೆ. ಹುಡುಗನು ಆಡಿಕೊಂಡಿದ್ದಾನೆ, ಬಾವು ಇಳಿದಿದೆ, ಮಾತ್ರೆಯಿಂದ ಹೊಟ್ಟೆ ಕೆಡುತ್ತಿದೆ. ನಿಲ್ಲಿಸಬಹುದೆ ಎಂದು ಕೇಳಿದ್ದಾರೆ.

ನಿಲ್ಲಿಸಕೂಡದು. ಏಕೆಂಬುದನ್ನು ತಿಳಿಯಬೇಕಾದರೆ ಮೂಗಿಗೂ ಕಣ್ಣಿಗೂ ನಡುವಣ ಗೋಡೆಯನ್ನು ನೋಡಬೇಕು.

ನಮ್ಮ ಮುಖದ ಎಲುಬುಗಳಲ್ಲಿ ಗಾಳಿ ತುಂಬಿದ ಪೊಳ್ಳುಗಳುಂಟು, ಇವೇ ಸೈನಸ್ಸುಗಳು. ನೆಗಡಿಯಿಂದ ಇವುಗಳ ಬಾಯಿ ಕಟ್ಟಿ ಒಳಗೆ ಕೀವು ನಿಲ್ಲುವುದುಂಟು. ಹಿರಿಯರು ಪೀನಸವೆಂದು ಕರೆಯುತ್ತಿದ್ದ ಬೇನೆಯಲ್ಲಿ ಇದೂ ಸೇರಿದೆ. ಕಣ್ಣುಗಳ ನಡುವೆ, ಮೂಗಿನ ಬುಡದಲ್ಲಿರುವ ಪೊಳ್ಳುಗಳು ಮಗುವು ಹುಟ್ಟುವಾಗಲೇ ಇರುವುವು. ಅವಕ್ಕೂ ಕಣ್ಣಿನ ಗೂಡಿಗೂ ನಡುವಣ ಎಲುಬು ಅರ್ಧ ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಶರೀರಶಾಸ್ತ್ರದಲ್ಲಿ ಅದಕ್ಕೆ ಕಾಗದದ ಹಲಗೆಯೆಂದೇ ಹೆಸರು. ಅದರಲ್ಲಿಯೂ ಸಿರೆಗಳೂ ನರಗಳೂ ಹಾಯುವ ಸಣ್ಣ ಕಂಡಿಗಳಿವೆ. ಬೇಲೂರಿನ ಗುಡಿಯ ಜಾಲಂಧ್ರಗಳನ್ನು ಕಂಡಿರುವ ಹಗರೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ: ನೋಡುವುದಕ್ಕೆ ಗೋಡೆ, ಗಾಳಿಗೆ ದಾರಿ. ಇಲ್ಲಿಯ ಸಿರೆಗಳು ಮಿದುಳಿನ ಕಡೆಯ ಸಿರೆಗಳೊಡನೆ ಕೂಡಿಕೊಂಡಿರುವುದರಿಂದ ರೋಗಾಣುಗಳು ಅತ್ತಲೂ ಹರಿಯಬಲ್ಲವು.

ಆಂಟಿಬಯಾಟಿಕ್ ಔಷಧಗಳು ಬರುವುದಕ್ಕೆ ಮೊದಲು ಈ ರೋಗಕ್ಕೆ ಸಿಕ್ಕಿದ 100 ಮಂದಿಯಲ್ಲಿ ಸುಮಾರು 17 ಮಂದಿ ಸಾಯುತ್ತಿದ್ದರು; ಸುಮಾರು 20 ಮಂದಿಗೆ ದೃಷ್ಟಿ ಹೋಗುತ್ತಿತ್ತು. ಈಗ ಕಾಲಕ್ಕೆ ಸರಿಯಾಗಿ ಚಿಕಿತ್ಸೆಯಾದ ಬಹುಮಂದಿ ಮಕ್ಕಳು ಪೂರ್ಣವಾಗಿ ಗುಣಹೊಂದುತ್ತಾರೆ. ಆದರೆ ರೆಪ್ಪೆಯ ಬಾವು ಇಳಿದ ಮಾತ್ರಕ್ಕೆ ಪೊಳ್ಳಿನೊಳಗಿನ ಕೀವು ಒಣಗಿತೆಂದು ಅರ್ಥವಲ್ಲ. ಚಿಕಿತ್ಸೆಯು ಮೊದಲಿನಿಂದ ಕೊನೆಯವರೆಗೆ ಸಾಮಾನ್ಯವಾಗಿ ಎರಡು ಮೂರು ವಾರ ಹಿಡಿಯುತ್ತದೆ. ಕೀವಿನ ಗಡ್ಡೆಯಾಗಿದ್ದರೆ ಇನ್ನೂ ಹೆಚ್ಚು. ಹೊಟ್ಟೆ ಕೆಡುವುದನ್ನು ವೈದ್ಯರಿಗೆ ತಿಳಿಸಿರಿ. ಅವರು ಮಾತ್ರೆಯನ್ನು ಬದಲಿಸಬಲ್ಲರು. ಮೈಮೇಲೆ ದದ್ದೆದ್ದರೆ, ಉಸಿರು ಕಟ್ಟಿದರೆ, ಭೇದಿಯಲ್ಲಿ ರಕ್ತ ಕಂಡರೆ ಕೂಡಲೆ ಹೋಗತಕ್ಕದ್ದು.

ತಾಯಿಯು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ದಿನವೂ ಬೆಳಗ್ಗೆ ಹುಡುಗನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿಸಿರಿ. ಬಳಿಕ ಇನ್ನೊಂದು ಕಣ್ಣಿನಿಂದ ಓದಿಸಿರಿ. ಕುಂಕುಮದ ಭರಣಿಯನ್ನು ಹಾಗೆಯೇ ಒಂದೊಂದು ಕಣ್ಣಿಗೂ ತೋರಿಸಿ, ಕೆಂಪು ಎರಡಕ್ಕೂ ಒಂದೇ ಸಮನಾಗಿದೆಯೇ ಎಂದು ಕೇಳಿರಿ. ದೃಷ್ಟಿಯ ನರಕ್ಕೆ ಒತ್ತಡ ಬಿದ್ದಾಗ ಕೆಂಪು ಬಣ್ಣವು ಮಸುಕಾಗಿ ಕಾಣುವುದು. ಕಣ್ಣಾಡಿಸಿದರೆ ನೋವು, ಒಂದು ಎರಡಾಗಿ ಕಾಣುವುದು, ಗುಡ್ಡೆ ಮುಂದೆ ಬರುವುದು, ಜ್ವರ ಮರುಕಳಿಸುವುದು, ವಾಂತಿಯೊಡನೆ ತಲೆನೋವು, ಇವುಗಳಲ್ಲಿ ಯಾವುದಾದರೂ ಕಂಡರೆ, ಮರುಭೇಟಿಯ ದಿನಕ್ಕಾಗಿ ಕಾಯದೆ ಆ ರಾತ್ರಿಯೇ ಹೊರಡಬೇಕು. ಮೂಗಿಗೆ ಎಲೆಗಳ ರಸ ಬಿಡುವುದೂ ಕಣ್ಣಿಗೆ ಎಣ್ಣೆ ಹಾಕುವುದೂ ಬೇಡ. ಕುದಿಯುವ ತಪ್ಪಲೆಯ ಮುಂದೆ ಮಗುವನ್ನು ಬಗ್ಗಿಸಿ ಹಬೆ ಹಿಡಿಸುವ ಪದ್ಧತಿಯಂತೂ ಬಿಟ್ಟರೇ ಲೇಸು. ಅದರಿಂದ ಸುಟ್ಟುಕೊಂಡ ಮಕ್ಕಳು ಉಂಟು.

ಇತರ ವಾಚಕರೂ ಒಂದನ್ನು ನೆನಪಿನಲ್ಲಿಡಬೇಕು. ನೆಗಡಿಯ ಬೆನ್ನಿಗೆ ರೆಪ್ಪೆ ಬಾತರೆ ಅದು ಹುಳು ಕಡಿದದ್ದೆಂದು ಸುಣ್ಣ ಹಚ್ಚಿ ಕುಳಿತಿರಬಾರದು. ಸೋಂಕು ರೆಪ್ಪೆಯಲ್ಲಿಯೇ ನಿಂತಿದೆಯೋ ಗೂಡಿನೊಳಕ್ಕೆ ಇಳಿದಿದೆಯೋ ಎಂಬುದನ್ನು ಮನೆಯಲ್ಲಿ ನಿರ್ಣಯಿಸಲಾಗದು. ಸಂದೇಹವಿದ್ದಲ್ಲಿ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಮೂಗಿನ ವೈದ್ಯರೂ ಕಣ್ಣಿನ ವೈದ್ಯರೂ ಒಟ್ಟಿಗೆ ನೋಡುವುದು ಉತ್ತಮ. ಹಗರೆಯು ಹಾಸನ ಬೇಲೂರುಗಳ ರಸ್ತೆಯ ಮೇಲೆಯೇ ಇರುವುದು ಒಂದು ಅನುಕೂಲ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ.

ಮಧುಮೇಹವುಳ್ಳ ಹಿರಿಯರ ವಿಷಯವು ಬೇರೆ, ಮತ್ತು ಹೆಚ್ಚು ಭಯಂಕರ. 2021ರ ಬೇಸಿಗೆಯಲ್ಲಿ ಕೋವಿಡ್‌ನಿಂದ ಎದ್ದವರನ್ನು ಹಿಡಿದ ಕಪ್ಪು ಶಿಲೀಂಧ್ರವು ಹೊಕ್ಕದ್ದು ಈ ದಾರಿಯಲ್ಲಿಯೇ: ಮೂಗು, ಸೈನಸ್ಸು, ಕಣ್ಣು, ಮಿದುಳು. ಅವರಲ್ಲಿ ಬಹುಮಂದಿ ಮಧುಮೇಹಿಗಳು. ಸ್ಟೆರಾಯ್ಡ್ ಔಷಧಗಳಿಂದ ಸಕ್ಕರೆಯು ಇನ್ನೂ ಏರಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಆಗ ಈ ರೋಗದ ಚಿಕಿತ್ಸೆಗೆಂದು ಗೊತ್ತುಮಾಡಿದ್ದರು; ಆಂಫೊಟೆರಿಸಿನ್ ಔಷಧಕ್ಕೆ ದೇಶದಲ್ಲೆಲ್ಲ ಅಭಾವ ಬಂದಿತ್ತು. ಪ್ರಾಣವುಳಿಸುವುದಕ್ಕಾಗಿ ಕಣ್ಣನ್ನೇ ತೆಗೆಸಿಕೊಂಡವರಿದ್ದಾರೆ. ಆ ರೋಗವು ಕೋವಿಡ್‌ಗೆ ಮೊದಲೂ ಇತ್ತು, ಈಗಲೂ ಇದೆ. ಮಧುಮೇಹಿಗೆ ಮೂಗು ಕಟ್ಟಿ ಕಪ್ಪು ಹಕ್ಕಳೆ ಬಂದರೆ, ಕೆನ್ನೆ ಜೋಮು ಹಿಡಿದರೆ, ಮೇಲ್ದವಡೆಯ ಹಲ್ಲು ಅಲುಗಿದರೆ, ರೆಪ್ಪೆ ಜೋತರೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆಯ ಲೆಕ್ಕ ಬರೆದಿಟ್ಟ ಪುಸ್ತಕವನ್ನೂ, ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಯಲ್ಲಿ ಕೊಂಡೊಯ್ಯಿರಿ.