ಹಗುರದ ಹೆಸರಿನಲ್ಲಿ ಹಿಂಸೆಯ ಹೊರೆ

ನಮ್ಮ ಮನೆಗಳ ಯುವಕ ಯುವತಿಯರು ಇಂದು ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದಾರೆ, ಸೈಕಲ್ಲೇರಿ ಊರೂರು ಸುತ್ತುತ್ತಿದ್ದಾರೆ. ಇದು ಸಂತೋಷದ ಸಂಗತಿ. ಕಾಲ್ನಡಿಗೆಯ ವಿಹಾರವನ್ನೇ ಬಾಳಿನ ಕ್ರಮವಾಗಿಸಿಕೊಂಡ ಮುನಿಪರಂಪರೆಯನ್ನು ಪೂಜಿಸುವ ಸಮಾಜಕ್ಕೆ ದೇಹಶ್ರಮದ ಪ್ರಯಾಣ ಅನ್ಯವಾದುದಲ್ಲ. ಆದರೆ ಈ ಚಾರಣ ಮತ್ತು ಸೈಕಲ್ ಪ್ರವಾಸಗಳ ಜೊತೆಯಲ್ಲೇ ಒಂದು ಸಿದ್ಧಾಂತವೂ ಬಂದಿದೆ. ‘ಹೊರೆಯನ್ನು ತಗ್ಗಿಸು’ ಎಂಬುದೇ ಆ ಸಿದ್ಧಾಂತ. ಪ್ರತಿಯೊಂದು ವಸ್ತುವನ್ನೂ ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕ ಹಾಕುವುದು, ಭಾರವಾದುದನ್ನು ಬಿಟ್ಟು ಹಗುರವಾದುದನ್ನು ಕೊಳ್ಳುವುದು ಇದರ ಆಚರಣೆ. ‘ಇದು ಅಪರಿಗ್ರಹವಲ್ಲದೆ ಮತ್ತೇನು?’ ಎಂದು ನಮ್ಮ ಮಕ್ಕಳು ಹೆಮ್ಮೆಯಿಂದ ಕೇಳುತ್ತಾರೆ. ಹಿರಿಯರು ಮೆಚ್ಚಿ ತಲೆದೂಗುತ್ತಾರೆ.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಸತ್ಯವಲ್ಲ. ದುರ್ದೈವವೆಂದರೆ, ಅಂಗಡಿಗಳಲ್ಲಿ ಮಾರಾಟವಾಗುತ್ತಿರುವುದು ಆ ಎರಡನೆಯ ಅರ್ಧವೇ.

ಮೊದಲು ಸತ್ಯದ ಭಾಗವನ್ನು ನೋಡೋಣ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ ತಮ್ಮ 67ನೆಯ ವಯಸ್ಸಿನಲ್ಲಿ ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಹಬ್ಬಿರುವ ಅಪಲೇಚಿಯನ್ ಕಾಲುದಾರಿಯನ್ನು, ಅಂದರೆ ಸುಮಾರು 3,300 ಕಿಲೋಮೀಟರುಗಳನ್ನು, ಒಬ್ಬರೇ ನಡೆದು ಮುಗಿಸಿದರು. ಹನ್ನೊಂದು ಮಕ್ಕಳ ತಾಯಿ ಆಕೆ. ಹೆಗಲ ಮೇಲಿದ್ದುದು ಮನೆಯಲ್ಲೇ ಹೊಲಿದ ಒಂದು ಬಟ್ಟೆಯ ಚೀಲ. ಕಾಲಲ್ಲಿದ್ದುದು ಸಾಧಾರಣ ಕ್ಯಾನ್ವಾಸ್ ಬೂಟು. ಮಳೆಗೆ ಆಸರೆಯಾದದ್ದು ಸ್ನಾನದ ಮನೆಗೆ ಹಾಕುವ ಪ್ಲಾಸ್ಟಿಕ್ ಪರದೆ. ಆಕೆ ಹೊರೆ ಇಳಿಸಿಕೊಂಡದ್ದು ಯಾವುದನ್ನೂ ಕೊಂಡು ಅಲ್ಲ, ಬೇಡವಾದುದನ್ನು ಬಿಟ್ಟು.

ವಿಮಾನ ತಂತ್ರಜ್ಞಾನದ ಎಂಜಿನಿಯರಾಗಿದ್ದ ರೇ ಜಾರ್ಡಿನ್ 1992ರಲ್ಲಿ ಪ್ರಕಟಿಸಿದ ಚಾರಣದ ಕೈಪಿಡಿಯಿಂದ ಈ ವಿಚಾರಕ್ಕೆ ಒಂದು ಚಳವಳಿಯ ರೂಪ ಬಂದಿತು. ಡೇರೆಯ ಬದಲು ಒಂದು ಹೊದಿಕೆಯ ಬಟ್ಟೆ, ಸ್ಲೀಪಿಂಗ್ ಬ್ಯಾಗಿನ ಬದಲು ಒಂದು ಕೌದಿ, ದಪ್ಪ ಬೂಟಿನ ಬದಲು ಓಟದ ಬೂಟು, ಇವು ಅವರ ಬೋಧನೆ. ಬೇಕಾದುದನ್ನು ಕೈಯಾರೆ ಹೊಲಿದುಕೊಳ್ಳಿರೆಂದು ಅವರು ಒತ್ತಿ ಹೇಳಿದರು. ಸೈಕಲ್ ಪ್ರವಾಸದ ಇತಿಹಾಸದಲ್ಲೂ ಇಂಥವರಿದ್ದಾರೆ. ಫ್ರಾನ್ಸಿನ ಪಾಲ್ ದ ವಿವಿ (1853–1930) ‘ವೆಲೋಸಿಯೋ’ ಎಂಬ ಹೆಸರಿನಿಂದ ಬರೆಯುತ್ತಿದ್ದರು. ಏರುದಾರಿಗೆ ಗೇರುಗಳು ಬೇಕೆಂದು ವಾದಿಸಿದವರು, ಮಾಂಸವನ್ನು ತ್ಯಜಿಸಿದ್ದವರು. ಕೇವಲ ಪ್ರತಿಷ್ಠೆಗಾಗಿ ಪೆಡಲು ತುಳಿಯಬಾರದೆಂಬುದು ಅವರು ಸವಾರರಿಗೆ ನೀಡಿದ ಎಚ್ಚರಿಕೆಗಳಲ್ಲೊಂದು.

ಹೀಗೆ ತ್ಯಾಗದಿಂದ ಹುಟ್ಟಿದ ವಿಚಾರವು ಇಂದು ಸಂಗ್ರಹದ ಹೊಸ ಹೆಸರಾಗಿದೆ. ಅನ್ನ, ನೀರು, ಇಂಧನಗಳನ್ನು ಬಿಟ್ಟು ಉಳಿದ ಹೊರೆಯು 10 ಪೌಂಡಿಗಿಂತ, ಅಂದರೆ ಸುಮಾರು ನಾಲ್ಕೂವರೆ ಕಿಲೋಗಿಂತ, ಕಡಿಮೆಯಿದ್ದರೆ ಅತಿಹಗುರ ಚಾರಣವೆಂದು ಕರೆಯುವ ರೂಢಿಯಿದೆ. ಆ ಅಂಕಿಯನ್ನು ಮುಟ್ಟಲು ಟೈಟಾನಿಯಂ ಲೋಟ, ಕಾರ್ಬನ್ ನಾರಿನ ಕೋಲು, ಕಾಗದದಷ್ಟು ತೆಳುವಾದ ಡೇರೆ ಎಲ್ಲವೂ ಬರುತ್ತವೆ. ಮನೆಯಲ್ಲಿರುವ ಹಳೆಯ ಚೀಲ, ಹಳೆಯ ಡೇರೆ, ಹಳೆಯ ಪಾತ್ರೆಗಳು ಅಟ್ಟ ಸೇರುತ್ತವೆ. ಬೆನ್ನಿನ ಭಾರ ಎರಡು ಕಿಲೋ ಇಳಿದಾಗ ಅಟ್ಟದ ಭಾರ ಹತ್ತು ಕಿಲೋ ಏರಿರುತ್ತದೆ. ಪರಿಗ್ರಹವು ವಸ್ತುವಿಗಿಂತ ಹೆಚ್ಚಾಗಿ ಅದರ ಮೇಲಿನ ಮಮತೆಯಲ್ಲಿದೆಯೆಂಬುದು ತತ್ತ್ವಾರ್ಥಸೂತ್ರದ ನಿಲುವು. ಹದಿನೈದು ಗ್ರಾಮಿನ ಚಮಚವೊಂದಕ್ಕಾಗಿ ವಾರಗಟ್ಟಲೆ ಹುಡುಕುವ ಮನಸ್ಸನ್ನು ಅಪರಿಗ್ರಹಿಯೆಂದು ಕರೆಯಲಾಗದು.

ಲೆಕ್ಕದ ದೃಷ್ಟಿಯಿಂದಲೂ ಈ ಹುಡುಕಾಟ ನಿಲ್ಲುವುದಿಲ್ಲ. ಸವಾರನ ತೂಕ 65, ಸೈಕಲ್ಲಿನದು 15, ಸಾಮಾನಿನದು 10, ಒಟ್ಟು 90 ಕಿಲೋ ಎಂದಿಟ್ಟುಕೊಳ್ಳೋಣ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳ ಘಾಟಿಯನ್ನು ಹತ್ತುವಾಗ ಒಂದು ಕಿಲೋ ಕಡಿಮೆಯಾದರೆ ಉಳಿಯುವ ಶ್ರಮ ನೂರಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸಮತಟ್ಟಾದ ರಸ್ತೆಯಲ್ಲಿ ಅಷ್ಟೂ ಉಳಿಯದು. ಅಲ್ಲಿ ಸವಾರನನ್ನು ತಡೆಯುವುದು ಮುಖ್ಯವಾಗಿ ಎದುರಿನ ಗಾಳಿ. ಆ ಒಂದು ಕಿಲೋವನ್ನು ಸಾವಿರಾರು ರೂಪಾಯಿ ಸುರಿದು ಇಳಿಸಬಹುದು. ಒಂದು ಜೀನ್ಸ್ ಪ್ಯಾಂಟನ್ನೂ ಒಂದು ದಪ್ಪ ಟರ್ಕಿ ಟವೆಲನ್ನೂ ಮನೆಯಲ್ಲೇ ಬಿಟ್ಟು ಹೋಗಿಯೂ ಇಳಿಸಬಹುದು. ಟವೆಲಿನ ಕೆಲಸವನ್ನು ತೆಳುವಾದ ಪಾಣಿಪಂಚೆ ಮಾಡುತ್ತದೆ.

ಹಣ ವ್ಯರ್ಥವಾಗುವುದಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಅತ್ಯಂತ ಹಗುರವೆಂದು ಹೊಗಳಿಸಿಕೊಳ್ಳುವ ಹಲವು ವಸ್ತುಗಳ ಒಳಗೆ ಏನಿದೆಯೆಂದು ನಮ್ಮ ಮನೆಗಳು ವಿಚಾರಿಸುತ್ತಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ‘ಡೌನ್’ ಎಂದು ಬರೆದ ಚಳಿಯಂಗಿ ಮತ್ತು ಸ್ಲೀಪಿಂಗ್ ಬ್ಯಾಗುಗಳಲ್ಲಿರುವುದು ಹೆಬ್ಬಾತು ಮತ್ತು ಬಾತುಕೋಳಿಗಳ ಎದೆಯ ತುಪ್ಪುಳ. ಒಂದೆರಡು ಹಕ್ಕಿಗಳ ತುಪ್ಪುಳದಿಂದ ಒಂದು ಬ್ಯಾಗ್ ತುಂಬುವುದಿಲ್ಲ. ಬಹುಪಾಲು ತುಪ್ಪುಳ ಮಾಂಸಕ್ಕಾಗಿ ಕೊಂದ ಹಕ್ಕಿಗಳಿಂದ ಬರುತ್ತದೆ. ಕೆಲವೆಡೆ ಬದುಕಿರುವ ಹಕ್ಕಿಯ ಮೈಯಿಂದಲೇ ಕೀಳುವ ಕ್ರೂರ ಪದ್ಧತಿಯೂ ನಡೆದುಬಂದಿದೆ. ಹೊಟ್ಟೆಗೆ ಮೊಟ್ಟೆಯನ್ನೂ ಸೇರಿಸದ ಮನೆಯ ಮಗ ಹಲವು ಹಕ್ಕಿಗಳ ಎದೆಯನ್ನು ಹೊದ್ದು ಮಲಗುತ್ತಾನೆ. ಅದು ಅವನಿಗೆ ತಿಳಿದಿರುವುದೂ ಇಲ್ಲ.

ಸ್ಲೀಪಿಂಗ್ ಬ್ಯಾಗಿನೊಳಗೆ ಹಾಸುವ ರೇಷ್ಮೆಯ ಒಳಚೀಲದ ಕಥೆಯೂ ಬೇರೆಯಲ್ಲ. ಹತ್ತಿಯದಕ್ಕಿಂತ ಇನ್ನೂರು ಗ್ರಾಮಿನಷ್ಟು ಹಗುರವೆಂದು ಅದನ್ನು ಕೊಳ್ಳುತ್ತಾರೆ. ರೇಷ್ಮೆಯ ಗೂಡಿನೊಳಗಿನ ಜೀವ ಹೇಗೆ ಕೊನೆಗಾಣುತ್ತದೆಂಬುದನ್ನು ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ವಾರವಿಡೀ ತೊಟ್ಟರೂ ವಾಸನೆ ಬಾರದೆಂದು ಹೊಗಳುವ ಮೆರಿನೋ ಉಣ್ಣೆಯ ಹಿಂದೆಯೂ ಒಂದು ನೋವಿದೆ. ನೊಣದ ಹುಳು ಬೀಳದಿರಲೆಂದು ಕುರಿಮರಿಯ ಹಿಂಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುವ ಪದ್ಧತಿಯನ್ನು ನ್ಯೂಜಿಲೆಂಡ್ 2018ರಲ್ಲಿ ನಿಷೇಧಿಸಿತು; ಆಸ್ಟ್ರೇಲಿಯಾ ದೇಶವ್ಯಾಪಿಯಾಗಿ ಹಾಗೆ ಮಾಡಲಿಲ್ಲ.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಅವುಗಳಿಗೆ ಉತ್ತರಿಸದೆ ಮುಂದೆ ಹೋಗುವುದು ನ್ಯಾಯವಲ್ಲ.

‘ಹಕ್ಕಿಯನ್ನು ಕೊಲ್ಲುವುದು ಮಾಂಸಕ್ಕಾಗಿ, ತುಪ್ಪುಳ ಅದರ ಉಪೋತ್ಪನ್ನ. 2014ರಿಂದ ಇದಕ್ಕೆ ಜವಾಬ್ದಾರಿಯ ಪ್ರಮಾಣಪತ್ರವೂ ಇದೆ’ ಎನ್ನುವರು. ಆ ಪ್ರಮಾಣಪತ್ರವು ಜೀವಂತ ಹಕ್ಕಿಯಿಂದ ಕೀಳುವುದನ್ನೂ ಬಲವಂತವಾಗಿ ತಿನ್ನಿಸುವುದನ್ನೂ ತಡೆಯುತ್ತದೆ, ಕೊಲ್ಲುವುದನ್ನಲ್ಲ. ಕೊಂದವನ ಆದಾಯದಲ್ಲಿ ನಮ್ಮ ಪಾಲೂ ಸೇರಿದಾಗ ನಾವು ಹೊರಗಿನವರಾಗಿ ಉಳಿಯುವುದಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಹಿಂಸೆಯ ಲೆಕ್ಕಕ್ಕೆ ಸೇರಿಸಿದ ಧರ್ಮ ನಮ್ಮದು. ಚರ್ಮದ ವಿಷಯದಲ್ಲಿ ಒಪ್ಪದ ಉಪೋತ್ಪನ್ನದ ವಾದವನ್ನು ತುಪ್ಪುಳದ ವಿಷಯದಲ್ಲಿ ಒಪ್ಪುವುದು ಅನುಕೂಲದ ತರ್ಕ.

‘ಮುನಿಗಳ ಪಿಂಛಿಯೂ ಗರಿಯದೇ ಅಲ್ಲವೇ?’ ಎಂದು ಕೇಳುವರು. ನವಿಲು ಪ್ರತಿವರ್ಷ ತಾನಾಗಿ ಗರಿಯನ್ನು ಉದುರಿಸುತ್ತದೆ. ಪಿಂಛಿಗೆ ಸಲ್ಲುವುದು ಹಾಗೆ ಉದುರಿದ ಗರಿ. ಅದರ ಉದ್ದೇಶವೂ ಸೂಕ್ಷ್ಮ ಜೀವಿಗಳನ್ನು ನೋಯಿಸದೆ ಪಕ್ಕಕ್ಕೆ ಸರಿಸುವುದು. ಜೀವರಕ್ಷಣೆಯ ಉಪಕರಣವನ್ನು ಜೀವಹಾನಿಯ ಉಡುಪಿಗೆ ಸಾಕ್ಷಿಯಾಗಿ ತರುವುದು ಸಲ್ಲದು.

‘ಕೃತಕ ನಾರು ಭಾರ, ಅಲ್ಲದೆ ಅದು ಕಲ್ಲೆಣ್ಣೆಯಿಂದ ಆದದ್ದು, ಮಣ್ಣಿಗೂ ನೀರಿಗೂ ಕೆಡುಕು’ ಎಂಬುದು ಮೂರನೆಯ ಆಕ್ಷೇಪ. ಇದರಲ್ಲಿ ತಿರುಳಿದೆ. ಅಷ್ಟೇ ಬೆಚ್ಚಗಿರುವ ಕೃತಕ ನಾರಿನ ಬ್ಯಾಗ್ ಸಾಮಾನ್ಯವಾಗಿ 300ರಿಂದ 500 ಗ್ರಾಂ ಹೆಚ್ಚು ತೂಗುತ್ತದೆ. ಕೃತಕ ನಾರು ನಿರ್ದೋಷಿಯೂ ಅಲ್ಲ. ಆದ್ದರಿಂದಲೇ ಒಂದನ್ನು ಕೊಂಡು ಬಹುಕಾಲ ಬಾಳಿಸಬೇಕು, ಹತ್ತು ಜನ ಹಂಚಿಕೊಳ್ಳಬೇಕು. ಆದರೆ ಅದು ಒದ್ದೆಯಾದರೂ ಬೆಚ್ಚಗಿನ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ತುಪ್ಪುಳ ಒದ್ದೆಯಾದರೆ ಮುದ್ದೆಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಅತಿಹಗುರ ಚಾರಣದ ಆಚಾರ್ಯರೆನಿಸಿದ ರೇ ಜಾರ್ಡಿನ್ ತಮ್ಮ ಕೌದಿಗಳಿಗೆ ಆರಿಸಿಕೊಂಡದ್ದೂ ಕೃತಕ ನಾರನ್ನೇ. ಇನ್ನು ನಮ್ಮ ಸಹ್ಯಾದ್ರಿಯಲ್ಲಿ ಹಿಮಾಲಯದ ಚಳಿಯಿಲ್ಲ. ಒಂದು ಹತ್ತಿಯ ಹೊದಿಕೆ, ಒಂದು ದಪ್ಪ ಅಂಗಿ ಬಹುತೇಕ ರಾತ್ರಿಗಳಿಗೆ ಸಾಕು. ಹಿಮಾಲಯಕ್ಕೆ ಹೋಗುವವರು ಆ 400 ಗ್ರಾಂ ಹೊತ್ತುಕೊಳ್ಳಲಿ. ಅದು ಸುಮಾರು ಎರಡು ಲೋಟ ನೀರಿನ ತೂಕ. ಅಷ್ಟನ್ನೂ ಹೊರಲಾರದ ಅಹಿಂಸೆ ಬರಿಯ ಬಾಯಿಮಾತಿನದು.

ತೂಕ ಇಳಿಸಿಕೊಳ್ಳುವ ಇನ್ನೊಂದು ಮಾರ್ಗ ಇದಕ್ಕಿಂತ ಸುಲಭವಾದುದು: ಇನ್ನೊಂದು ಜೀವದ ಬೆನ್ನಿಗೆ ಹೇರುವುದು. ಹಿಮಾಲಯದ ಚಾರಣಗಳಲ್ಲಿ ದಿನಕ್ಕಿಷ್ಟು ಎಂದು ಹಣ ಕಟ್ಟಿದರೆ ಚೀಲವನ್ನು ಹೇಸರಗತ್ತೆಯ ಮೇಲೆ ಕಳುಹಿಸಿಕೊಡುವ ವ್ಯವಸ್ಥೆಯಿದೆ. ಚಾರಣಿಗ ಕೈಬೀಸಿ ನಡೆದು ‘ಹಗುರವಾಗಿ ಬಂದೆ’ ಎನ್ನುತ್ತಾನೆ. 2022ರ ಕೇದಾರನಾಥ ಯಾತ್ರೆಯ ಮೊದಲ ವಾರಗಳಲ್ಲೇ ಅನೇಕ ಕುದುರೆ, ಹೇಸರಗತ್ತೆಗಳು ದಣಿವಿನಿಂದಲೂ ರೋಗದಿಂದಲೂ ಸತ್ತ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಅಲ್ಲಿ ಜನರನ್ನು ಹೊತ್ತವು, ಇಲ್ಲಿ ಚೀಲಗಳನ್ನು ಹೊರುತ್ತವೆ. ಬೆನ್ನು ಅದೇ, ದಾರಿ ಅಂಥದೇ.

ನಮ್ಮ ಆಚಾರ್ಯರು ಈ ಸಂಗತಿಯನ್ನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂಬುದು ಆಶ್ಚರ್ಯ ಹುಟ್ಟಿಸುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ, ಅಂದರೆ ಪ್ರಾಣಿಯ ಮೇಲೆ ಅಳತೆ ಮೀರಿ ಹೊರೆ ಹೇರುವುದು, ಒಂದು. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗಲೂ ಅತಿಭಾರವಹನವನ್ನು ಸೇರಿಸಿದ್ದಾರೆ. ಅಂದರೆ ಒಂದೇ ದೋಷ ಎರಡು ವ್ರತಗಳ ಅಡಿಯಲ್ಲಿ ಬರುತ್ತದೆ. ಹೊರೆ ಹುಟ್ಟುವುದು ಪರಿಗ್ರಹದಿಂದ, ಬೀಳುವುದು ಇನ್ನೊಂದು ಜೀವದ ಮೇಲೆ ಎಂಬ ಸತ್ಯವನ್ನು ಅವರು ಬೆಸೆದು ಹೇಳಿದ್ದಾರೆ. ಚೀಲ ಕಟ್ಟುವ ರಾತ್ರಿ ಶ್ರಾವಕನು ನೆನೆಯಬೇಕಾದುದು ಇದನ್ನು.

‘ಹೊರೆ ಹೊರುವ ಬಡವನ ಜೀವನೋಪಾಯ ಹೋಗುವುದಿಲ್ಲವೇ?’ ಎಂಬ ಪ್ರಶ್ನೆ ಮನುಷ್ಯರ ವಿಷಯದಲ್ಲಿ ಸರಿಯಾದುದೇ. ಬೆಟ್ಟದ ಜನರಿಗೆ ದುಡಿಮೆ ಬೇಕು. ಅವರನ್ನು ದಾರಿ ತೋರುವವರಾಗಿ, ಅಡುಗೆಯವರಾಗಿ ಕರೆದೊಯ್ಯಲಿ, ನ್ಯಾಯವಾದ ಕೂಲಿ ಕೊಡಲಿ. ಹೊರೆ ಕೊಡುವುದಾದರೂ ತಾನೇ ಹೊರಬಲ್ಲಷ್ಟನ್ನು ಮಾತ್ರ ಕೊಡಲಿ. ತನಗೆ ಭಾರವೆಂದು ಕೆಳಗಿಟ್ಟದ್ದನ್ನು ಇನ್ನೊಬ್ಬನಿಗೆ ಹಗುರವೆಂದು ಎಣಿಸುವುದು ಕರುಣೆಯಲ್ಲ.

ಹಾಗಾದರೆ ಹೊರೆ ಇಳಿಸುವ ಸರಿಯಾದ ಕ್ರಮವೇನು? ಮೊದಲು ಬಿಡುವುದು, ಅನಂತರ ಹಂಚಿಕೊಳ್ಳುವುದು, ಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಒಂದು ತೊಟ್ಟ ಬಟ್ಟೆ, ಒಂದು ಒಗೆದು ಒಣಗಿಸಿದ ಬಟ್ಟೆ ಸಾಕು. ಐದು ಜನ ಸೈಕಲ್ ಸವಾರರಿಗೆ ಒಂದು ಪಂಪು, ಒಂದು ಪಂಕ್ಚರ್ ಸಾಮಾನು ಸಾಕು. ಸೂರ್ಯಾಸ್ತದೊಳಗೆ ಉಣ್ಣುವವರಿಗೆ ಕತ್ತಲಲ್ಲಿ ಒಲೆ ಹಚ್ಚುವ ಸಾಹಸವಿಲ್ಲ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ ಇದ್ದರೆ ಒಲೆಯೇ ಬೇಡ. ಒಂದು ಲೀಟರ್ ನೀರು ಒಂದು ಕಿಲೋ ಎಂಬುದನ್ನು ನೆನಪಿಟ್ಟು, ದಾರಿಯಲ್ಲಿ ಶುದ್ಧವಾದ ನೀರು ಸಿಗುವ ಜಾಗಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮಳೆಯಂಗಿ, ಔಷಧಿ, ಚಳಿಗೆ ತಕ್ಕ ಬಟ್ಟೆ, ಟಾರ್ಚು ಇವುಗಳನ್ನು ಮಾತ್ರ ಬಿಡಬಾರದು. ಜೀವಕ್ಕೆ ಅಪಾಯ ತರುವ ಹಗುರತನ ವಿವೇಕವಲ್ಲ. ತಾಯಂದಿರಲ್ಲೂ ಒಂದು ವಿನಂತಿ: ಮೂರು ದಿನದ ಪ್ರವಾಸಕ್ಕೆ ಹತ್ತು ದಿನದ ಚಕ್ಕುಲಿ, ಕೋಡುಬಳೆಗಳ ಡಬ್ಬಿ ಕಟ್ಟದಿರಿ.

ಕ್ಷೇತ್ರಗಳ ಹಾಗೂ ಬಸದಿಗಳ ಆಡಳಿತ ಮಂಡಳಿಗಳು ಮಾಡಬಹುದಾದುದು ಇನ್ನೂ ಹೆಚ್ಚಿನದು. ಮೂಡಬಿದಿರೆ, ಕಾರ್ಕಳ, ವೇಣೂರುಗಳು ಸೈಕಲ್ಲಿಗೆ ಒಂದೆರಡು ಗಂಟೆಗಳ ಅಂತರದಲ್ಲಿವೆ. ಘಾಟಿ ಹತ್ತಿದರೆ ಹೊಂಬುಜ, ನರಸಿಂಹರಾಜಪುರಗಳಿವೆ. ಈ ದಾರಿಯ ವಸತಿಗೃಹಗಳಲ್ಲಿ ಸವಾರರಿಗೆ ಒಂದು ಚಾಪೆ, ಒಗೆದ ಹೊದಿಕೆ, ಕಾಯಿಸಿ ಆರಿಸಿದ ನೀರು, ಸಂಜೆಗೆ ಮುನ್ನ ಊಟ, ಸೈಕಲ್ ಇಡಲು ಬೀಗವಿರುವ ಜಾಗ, ಇಷ್ಟು ಖಚಿತವಾಗಿ ದೊರೆಯುವುದಾದರೆ ಡೇರೆ, ಹಾಸಿಗೆ, ಒಲೆ, ಪಾತ್ರೆ ಎಲ್ಲವನ್ನೂ ಅವರು ಮನೆಯಲ್ಲೇ ಬಿಟ್ಟು ಬರಬಹುದು. ಯಾವ ಟೈಟಾನಿಯಮ್ಮೂ ಇಳಿಸಲಾರದಷ್ಟು ತೂಕವನ್ನು ಒಂದು ಒಳ್ಳೆಯ ಧರ್ಮಶಾಲೆ ಇಳಿಸುತ್ತದೆ. ಹಿಮಾಲಯದ ಶಿಬಿರಗಳನ್ನು ಏರ್ಪಡಿಸುವ ಮಂಡಳಿಗಳು ಕೃತಕ ನಾರಿನ ಕೆಲವು ಸ್ಲೀಪಿಂಗ್ ಬ್ಯಾಗುಗಳನ್ನು ಕೊಂಡು, ಪುಸ್ತಕಾಲಯದಂತೆ ಎರವಲು ಕೊಡಲಿ. ವರ್ಷಕ್ಕೆ ಒಂದು ವಾರ ಬಳಸುವ ವಸ್ತುವನ್ನು ಮನೆಮನೆಯಲ್ಲೂ ಇಟ್ಟುಕೊಳ್ಳುವುದೇಕೆ? ತುಪ್ಪುಳ, ರೇಷ್ಮೆಗಳ ಸಾಮಾನು ಶಿಬಿರಕ್ಕೆ ಬೇಡ, ಪ್ರಾಣಿಯ ಬೆನ್ನಿಗೆ ಚೀಲ ಬೇಡ ಎಂಬ ಎರಡು ನಿಯಮಗಳನ್ನು ಅರ್ಜಿಯ ಮೊದಲ ಪುಟದಲ್ಲೇ ಅಚ್ಚು ಹಾಕಿಸಲಿ.

ಸಾಧರ್ಮಿ ಬಂಧುಗಳೇ, ಹಗುರವಾಗಿ ಸಂಚರಿಸುವುದು ಒಳ್ಳೆಯದು. ಆದರೆ ತೂಗುವಾಗ ನಮ್ಮ ಚೀಲವೊಂದನ್ನೇ ತೂಗಿದರೆ ಸಾಲದು. ಅದನ್ನು ಹಗುರಗೊಳಿಸಲು ಯಾರು ಸತ್ತರು, ಯಾರು ಹೊತ್ತರು ಎಂಬುದನ್ನೂ ತಕ್ಕಡಿಗೆ ಹಾಕಬೇಕು. ಹಾಗೆ ತೂಗಿದಾಗ ನಾಲ್ಕುನೂರು ಗ್ರಾಂ ಹೆಚ್ಚಿನ ಚೀಲವೇ ಹಗುರವಾದುದೆಂದು ಕಂಡುಬಂದರೆ, ಅದನ್ನು ಹೆಗಲಿಗೇರಿಸಿಕೊಂಡು ಸಂತೋಷದಿಂದ ಹೊರಡೋಣ.